ತೋಳಮ್ಮನಿಗೆ ನೀರು

ನನ್ನ ಗಂಡನ ಮನೆಯ ಹಿತ್ತಲಿನಲ್ಲಿ ಒಬ್ಬ ಹೆಂಗಸಿನ ತೋಳಿದೆ. ಕಲ್ಲಿನದು. ಎದೆಮಟ್ಟದ ಒಂದು ಕಂಬ, ಅದರಿಂದ ಹೊರಟ ಬಲಗೈ. ಮೊಣಕೈಯಲ್ಲಿ ಬಾಗಿ ಮೇಲಕ್ಕೆದ್ದು ಅಂಗೈ ಬಿಚ್ಚಿಕೊಂಡಿದೆ. ಮಣಿಕಟ್ಟಿನಿಂದ ಕೆಳಕ್ಕೆ ಸಾಲಾಗಿ ಬಳೆ ಕೆತ್ತಿದ್ದಾರೆ. ಮುಖವಿಲ್ಲ, ಮೈಯಿಲ್ಲ, ಹೆಸರು ಬರೆದಿಲ್ಲ. ಮನೆಯವರು ತೋಳಮ್ಮ ಅನ್ನುತ್ತಾರೆ.

ನಾನು ಕೊಳ್ಳೇಗಾಲದವಳು. ಮಾಂಬಳ್ಳಿ ದಾಟಿ ನಾಲೆ ಏರಿಯ ಮೇಲೆ ಬಂದರೆ ಸಿಗುವ ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಒಂದು ಶುಕ್ರವಾರ, ಎಣ್ಣೆ ಕುಂಕುಮ ಮೆತ್ತಿ ಮೆತ್ತಿ ಕಪ್ಪಗೆ ಗಡುಸಾಗಿದ್ದ ಆ ಕಲ್ಲನ್ನು ತೊಳೆಯೋಣವೆಂದು ಚೊಂಬು ಎತ್ತಿದೆ. ಅತ್ತೆ ಕೊಟ್ಟಿಗೆಯಿಂದ ಓಡಿಬಂದು ಚೊಂಬು ಕಿತ್ತುಕೊಂಡರು.

"ತೋಳಮ್ಮಂಗೆ ನೀರು ಮುಟ್ಟಿಸ್ಬಾರದು ಕಣವ್ವ. ಎಣ್ಣೆ ಬುಡು, ಕುಂಕುಮ ಇಡು. ನೀರ್ ಮಾತ್ರ ಬ್ಯಾಡ" ಅಂದರು.

ಯಾಕೆ ಅಂತ ಕೇಳಿದೆ. ಅತ್ತೆಗೆ ಗೊತ್ತಿರಲಿಲ್ಲ. ಅವರ ಅತ್ತೆಯೂ ಹಾಗೇ ಹೇಳಿದ್ದರಂತೆ. ಪಕ್ಕದ ನಾಗರಕಲ್ಲಿಗೆ ನೀರು ಹುಯ್ಯಬಹುದು, ಹಾಲು ಹುಯ್ಯಬಹುದು, ಊರ ಮಾರಮ್ಮನಿಗೆ ಕೊಡಗಟ್ಟಲೆ ನೀರು ಸುರಿಯಬಹುದು. ಇವಳೊಬ್ಬಳಿಗೆ ಇಲ್ಲ. ಮಳೆ ಬಂದರೆ ಏನು ಮಾಡುತ್ತೀರಿ ಅಂದಿದ್ದಕ್ಕೆ ತಲೆಯೆತ್ತಿ ಮೇಲೆ ತೋರಿಸಿದರು. ಆಗ ತೆಂಗಿನ ಗರಿಯ ಮಾಡು ಇತ್ತು. ಆಮೇಲೆ ನನ್ನ ಗಂಡ ಅದನ್ನು ತೆಗೆಸಿ ನಾಲ್ಕು ಕಂಬ ನಿಲ್ಲಿಸಿ ಜಿಂಕ್ ಶೀಟು ಹಾಕಿಸಿದರು. ಮಳೆಯ ಹನಿಯೂ ಬೀಳದಷ್ಟು ಜತನ. ನಾನು ಹನೂರಿನ ಆಸ್ಪತ್ರೆಯಲ್ಲಿ ನರ್ಸ್. ಯಾವುದನ್ನೇ ಆಗಲಿ ಮೊದಲು ತೊಳೆದು ಆಮೇಲೆ ಮಾತು ಅನ್ನುವ ಕೆಲಸ ನನ್ನದು. ಆ ಜಿಡ್ಡು ನೋಡಿದಾಗಲೆಲ್ಲ ಕೈ ತುರಿಸುತ್ತಿತ್ತು. ಆದರೂ ಸುಮ್ಮನಿದ್ದೆ. ಗಂಡನ ಮನೆಯಲ್ಲಿ ಎಲ್ಲದಕ್ಕೂ ಜಗಳ ತೆಗೆಯಲು ಆಗುತ್ತದೆಯೇ?

ತೋಳಮ್ಮನದು ಇನ್ನೊಂದು ಪದ್ಧತಿಯಿದೆ. ಈ ಮನೆಯ ಹೆಣ್ಣುಮಗಳು ಮದುವೆಯಾಗಿ ಹೋಗುವ ಮುಂಚೆ, ಚಪ್ಪರದ ದಿನ, ಅವಳ ತಾಯಿ ಹಸಿರು ಗಾಜಿನ ಬಳೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೋಗಿ ಆ ಕಲ್ಲಿನ ಅಂಗೈಗೆ ಮುಟ್ಟಿಸಿ, ಅಲ್ಲೇ ನಿಂತು ಮಗಳ ಕೈಗೆ ತೊಡಿಸಬೇಕು. ತಾಳಿ ಕಟ್ಟುವವನು ಮಾರನೆಯ ದಿನ ಬರುತ್ತಾನೆ. ಅದಕ್ಕೂ ಮುಂಚಿನದು ಇದು, ತಾಯಿ ಮಗಳ ನಡುವಿನದು. ತೋಳಮ್ಮ ಮುಟ್ಟಿದ ಬಳೆ ಒಡೆಯುವುದಿಲ್ಲ, ಅಂದರೆ ಗಂಡ ಸಾಯುವುದಿಲ್ಲ, ಅಂತ ನಂಬಿಕೆ. ಈ ಮನೆಯಿಂದ ಹೋದ ಹೆಣ್ಣುಮಕ್ಕಳಲ್ಲಿ ಗಂಡ ಸತ್ತವರು ಇಲ್ಲವೇ ಅಂತ ನೀವು ಕೇಳಬಹುದು. ಇದ್ದಾರೆ. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ, ಅವಳನ್ನು ನಾನು ಅಕ್ಕ ಅನ್ನುತ್ತೇನೆ. ಒಡಹುಟ್ಟಿದವಳಿಗಿಂತ ಹೆಚ್ಚು. ಭಾವನವರು ಕಬ್ಬಿನ ಗದ್ದೆಯಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆಗ ಅವರ ಒಬ್ಬಳೇ ಮಗಳು ಹೈಸ್ಕೂಲಿನಲ್ಲಿದ್ದಳು. ಹನ್ನೊಂದನೆಯ ದಿನ ಅಕ್ಕನನ್ನು ಕೂರಿಸಿ ಬಳೆ ಒಡೆದರು. ಒಡೆದವರು ಸೋದರತ್ತೆ, ನನ್ನ ಮಾವನವರ ತಂಗಿ, ಇದೇ ಊರಿಗೆ ಮದುವೆ ಮಾಡಿಕೊಟ್ಟಿದ್ದವರು. ತಮ್ಮ ಗಂಡ ಇನ್ನೂ ಗಟ್ಟಿಯಾಗಿದ್ದಾರೆ ಅನ್ನುವುದನ್ನು ತಾವೇ ಸಾಧಿಸಿದ ಕೆಲಸದ ಹಾಗೆ ಹೇಳಿಕೊಳ್ಳುತ್ತಾರೆ. ಒಂದು ಗಾಜಿನ ಚೂರು ಅಕ್ಕನ ಮಣಿಕಟ್ಟಿಗೆ ಹೊಕ್ಕು ರಕ್ತ ಬಂತು. ನಾನು ಹತ್ತಿ ತರಲು ಎದ್ದರೆ, ಶಾಸ್ತ್ರ ಮುಗಿಯುವ ತನಕ ಯಾರೂ ಏಳಬಾರದು ಅಂದರು. ಆ ಗಾಯದ ಗುರುತು ಈಗಲೂ ಇದೆ.

ಅಲ್ಲಿಂದ ಮುಂದೆ ಅಕ್ಕ ಮಾಡದ ಕೆಲಸವಿಲ್ಲ. ಗದ್ದೆಗೆ ನೀರು ತಿರುಗಿಸಿದಳು, ಕಬ್ಬು ಕಡಿಸಿದಳು, ಡೈರಿಗೆ ಹಾಲು ಹಾಕಿದಳು, ಮಗಳನ್ನು ಕೊಳ್ಳೇಗಾಲದ ಕಾಲೇಜಿಗೆ ಕಳಿಸಿ ಡಿಗ್ರಿ ಓದಿಸಿದಳು. ಹುಡುಗಿ ಪಟ್ಟಣದ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಳು. ಹನೂರಿನ ಕಡೆಯ ಒಬ್ಬ ಲೈನ್‌ಮನ್ ಹುಡುಗನ ಸಂಬಂಧ ಬಂದಾಗ ಅಕ್ಕ ತಾನೇ ಹೋಗಿ ಅವರ ಮನೆ ನೋಡಿ, ಹುಡುಗನ ತಾಯಿಯ ಜೊತೆ ಒಂದು ಹೊತ್ತು ಕೂತು ಅವರೆಕಾಳು ಸುಲಿದು, ಆಮೇಲೆ ಒಪ್ಪಿಕೊಂಡಳು. ಇಷ್ಟೆಲ್ಲ ಮಾಡುವಾಗ ಯಾರೂ ಅಪಶಕುನ ಅನ್ನಲಿಲ್ಲ. ಕಬ್ಬು ಕಡಿಸುವುದಕ್ಕಾದರೆ ವಿಧವೆಯಾದರೂ ನಡೆಯುತ್ತದೆ.

ಅತ್ತೆ ಮಾವ ಆಗಲೇ ತೀರಿಕೊಂಡಿದ್ದರು. ಚಪ್ಪರದ ಶಾಸ್ತ್ರಗಳ ಮಾತು ಬಂದಾಗ ಸೋದರತ್ತೆ ನಡುಮನೆಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಾ, ಬಳೆ ತಟ್ಟೆಯನ್ನು ನಾನು ಹಿಡಿಯಬೇಕು ಅಂದರು. ತಾಯಿ ಇದ್ದಾಳಲ್ಲ ಅಂದೆ. ತಾಯಿ ಹತ್ತಿರ ಬರಬಾರದು, ದೂರದಿಂದ ನೋಡಲಿ, ಬೇಡ ಅಂದವರು ಯಾರು ಅಂದರು. ತೋಳಮ್ಮ ಮುತ್ತೈದೆಯರ ದೇವರಂತೆ. ನನ್ನ ಗಂಡ ಮೊಬೈಲ್ ನೋಡುತ್ತಾ ಕೂತಿದ್ದರು. ಅಕ್ಕ ಬಾಗಿಲ ಬಳಿ ಅಕ್ಕಿ ಕೇರುತ್ತಿದ್ದಳು. ಮೊರದ ಸದ್ದು ನಿಂತಿತು, ಮತ್ತೆ ಶುರುವಾಯಿತು. ಆಮೇಲೆ ಒಲೆಯ ಮುಂದೆ ನಾವಿಬ್ಬರೇ ಇದ್ದಾಗ ನಾನು ತಟ್ಟೆ ಹಿಡಿಯುವುದಿಲ್ಲ ಅಂತ ರೇಗಿದೆ.

"ಬುಡವ್ವ, ನೀನೇ ಹಿಡ್ಕೊ. ನನ್ನಿಂದ ಮೊಗಿನ ಮದ್ವೇಲಿ ಗಲಾಟೆ ಬ್ಯಾಡ" ಅಂದಳು.

ನನಗೆ ಅವಳ ಮೇಲೂ ಸಿಟ್ಟು ಬಂತು. ಸೌಟು ಕುಕ್ಕಿ ಹೊರಗೆ ಬಂದೆ.

ಈ ನಡುವೆ ನನ್ನ ಗಂಡನ ಮೊಬೈಲು ಒಂದು ಕೆಲಸ ಮಾಡಿತು. ಅವರಿಗೆ ದೇಶದ ಅಚ್ಚರಿಗಳನ್ನು ತೋರಿಸುವ ವಿಡಿಯೊಗಳ ಹುಚ್ಚು. ನೆಲಕ್ಕೆ ತಾಗದೆ ನಿಂತ ಕಂಬ, ತಟ್ಟಿದರೆ ಸ್ವರ ಹೊರಡುವ ಕಲ್ಲು, ಎಣ್ಣೆಯಿಲ್ಲದೆ ಉರಿಯುವ ದೀಪ, ಹಾವಿನ ಜೊತೆ ಮಲಗುವ ಊರು. ಊಟ ಮಾಡುವಾಗಲೂ ಅದೇ. ಇಷ್ಟು ದೊಡ್ಡ ದೇಶ, ಇಷ್ಟು ಹಳೆಯ ಧರ್ಮ, ಮೂಲೆ ಮೂಲೆಯಲ್ಲೂ ಒಂದೊಂದು ವಿಸ್ಮಯ ಅಂತ ಆ ವಿಡಿಯೊದವರು ಹೇಳುವುದನ್ನು ನಮಗೂ ಹೇಳುತ್ತಾರೆ. ನಮ್ಮ ಹಿತ್ತಲಿನ ಮೂಲೆಯ ಫೋಟೊ ತೆಗೆದು ಅವರು ಅಂಥ ಒಬ್ಬರಿಗೆ ಕಳಿಸಿದ್ದರು. ಮದುವೆಗೆ ವಾರವಿರುವಾಗ ಆ ಮನುಷ್ಯ ಮೈಸೂರಿನಿಂದ ಕಾರಿನಲ್ಲಿ ಬಂದೇಬಿಟ್ಟರು. ಕ್ಯಾಮೆರಾದವನೊಬ್ಬ ಜೊತೆಗೆ. ಅವರಿಗೆ ಕಾಫಿ ಕೊಟ್ಟವಳೂ ಅಕ್ಕನೇ.

ಊರಿನ ಹೆಂಗಸರೆಲ್ಲ ಹಿತ್ತಲಿಗೆ ಬಂದರು. ಸೋದರತ್ತೆಗೆ ಕುರ್ಚಿ ಹಾಕಿದ್ದರು. ಆ ಮನುಷ್ಯ ಕೊರಳಿಗೆ ಮೈಕು ಸಿಕ್ಕಿಸಿಕೊಂಡು, ತೋಳಮ್ಮನ ಮೇಲೆ ಕೈಯಿಟ್ಟು, ಒಳ್ಳೆಯ ಕನ್ನಡದಲ್ಲಿ ಮಾತಾಡಿದರು. ಇದು ಮಾಸ್ತಿಕಲ್ಲು, ಅಂದರೆ ಮಹಾಸತಿಯ ಕಲ್ಲು. ಗಂಡ ಸತ್ತಾಗ ಅವನ ಚಿತೆಯನ್ನೇರಿದ ಹೆಂಗಸಿನ ನೆನಪಿಗೆ ನೆಟ್ಟದ್ದು. ಬಳೆಯಿರುವ ತೋಳು ಆಕೆಯ ಅಖಂಡ ಮುತ್ತೈದೆತನದ ಗುರುತು. ಇದನ್ನೆಲ್ಲ ಹೇಳಿ ಕಣ್ಣು ಅರ್ಧ ಮುಚ್ಚಿ, ಆ ತಾಯಿ ನಗುನಗುತ್ತಾ ಬೆಂಕಿಗೆ ನಡೆದಳು, ಇಂಥ ಸಂಸ್ಕೃತಿ ಜಗತ್ತಿನಲ್ಲಿ ಇನ್ನೆಲ್ಲಿದೆ ಅಂದರು. ಸೋದರತ್ತೆ ಕುರ್ಚಿಯಲ್ಲೇ ಕೈಮುಗಿದರು.

ನಾನು ಡ್ಯೂಟಿ ಮುಗಿಸಿ ಬಂದು ಇನ್ನೂ ಸೀರೆ ಬದಲಾಯಿಸಿರಲಿಲ್ಲ. ಮುಂದೆ ಹೋದೆ.

"ಸರ್, ಈ ಕಲ್ಲಿಗೆ ಮುಖವೇ ಇಲ್ಲವಲ್ಲ. ನಗು ಎಲ್ಲಿ ಕಂಡಿರಿ?" ಅಂದೆ.

ಅವರು ಕ್ಯಾಮೆರಾದವನಿಗೆ ನಿಲ್ಲಿಸು ಅಂತ ಸನ್ನೆ ಮಾಡಿದರು. ಇದು ಪರಂಪರೆಯ ಮಾತು ಅಮ್ಮ, ಆ ಕಾಲದ ಕಣ್ಣಿನಿಂದ ನೋಡಬೇಕು ಅಂತ ಸಮಾಧಾನದಿಂದಲೇ ಹೇಳಿದರು. ಆ ಸಮಾಧಾನವನ್ನೇ ನನ್ನಿಂದ ಸಹಿಸಲಾಗಲಿಲ್ಲ. ಸುಟ್ಟ ಹೆಂಗಸನ್ನು ನೀವು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ ಅಂತ ಕೇಳಿದೆ. ನಾನು ನೋಡಿದ್ದೇನೆ. ಪಾಲಾರ್ ಕಡೆಯಿಂದ ಒಬ್ಬಳನ್ನು ಜೀಪಿನಲ್ಲಿ ಹಾಕಿಕೊಂಡು ತಂದಿದ್ದರು. ಸ್ಟವ್ ಸಿಡಿಯಿತು ಅಂದರು. ಬಾಳೆಲೆಯ ಮೇಲೆ ಮಲಗಿಸಿದ್ದರು, ಬಟ್ಟೆ ಯಾವುದು ಚರ್ಮ ಯಾವುದು ತಿಳಿಯುತ್ತಿರಲಿಲ್ಲ. ಮೈಸೂರಿಗೆ ಕಳಿಸಲು ಆಂಬುಲೆನ್ಸ್ ಬರುವವರೆಗೆ ಅವಳ ತಲೆಯ ಹತ್ತಿರ ನಿಂತವಳು ನಾನು. ಅವಳು ಗಂಡನ ಹೆಸರು ಹೇಳಲಿಲ್ಲ, ದೇವರ ಹೆಸರು ಹೇಳಲಿಲ್ಲ. ತಣ್ಣಿ, ತಣ್ಣಿ ಅಂದಳು. ತಮಿಳಿನಲ್ಲಿ ನೀರು. ಆ ಕಡೆ ಎರಡು ಭಾಷೆಯೂ ನಡೆಯುತ್ತದೆ, ಆದರೆ ನೋವಿಗೆ ತಾಯಿ ಕಲಿಸಿದ್ದೇ ಬರುತ್ತದೆ. ಬೆಂಕಿ ಬಿದ್ದವರು ಕೇಳುವುದು ನೀರನ್ನು, ಸರ್, ಬೇರೆ ಏನನ್ನೂ ಅಲ್ಲ, ಅಂತ ಎಲ್ಲರ ಎದುರಿಗೆ ಹೇಳಿದೆ. ನನ್ನ ಗಂಡ ನನ್ನ ಸೆರಗು ಹಿಡಿದು ಎಳೆದರು.

ಆಗ ಅಕ್ಕ ಮಾತಾಡಿದಳು. ಕಾಫಿ ಲೋಟಗಳ ತಟ್ಟೆ ಅವಳ ಕೈಯಲ್ಲೇ ಇತ್ತು.

"ಅಂಗಾದ್ರೆ ಈಯಮ್ಮನೂ ಗಂಡ ಸತ್ತೋಳೇನಾ, ಸಾ?"

ಅವರು ನಕ್ಕರು. ಹಾಗಲ್ಲ ತಾಯಿ, ಚಿತೆಯೇರಿದವಳು ವಿಧವೆಯಾಗುವುದೇ ಇಲ್ಲ, ಅವಳು ನಿತ್ಯ ಸುಮಂಗಲಿ ಅಂತ ವಿವರಿಸಿದರು. ಅಕ್ಕ ತಲೆಯಾಡಿಸಿ ಲೋಟ ತೊಳೆಯಲು ಹೋದಳು.

ಈ ದೇಶ ದೊಡ್ಡದು, ಹಳೆಯದು, ಅಲ್ಲ ಅಂದವರು ಯಾರು? ನನ್ನ ತವರಿನ ಕೇರಿಯಲ್ಲಿ ಮಗ್ಗದ ಮುಂದೆ ಕೂತವರು ರೇಷ್ಮೆಯ ಎಳೆಯಲ್ಲಿ ನೇಯುತ್ತಿದ್ದ ಅಂಚು ನೋಡಿ ಬೆಳೆದವಳು ನಾನು. ಬಿಳಿಗಿರಿಯ ಬೆಟ್ಟ ಕಂಡರೆ ನನ್ನ ಕೈ ತಾನಾಗಿ ಮುಗಿಯುತ್ತದೆ. ಒಡೆಯರಪಾಳ್ಯದ ಟಿಬೆಟಿನ ಮುದುಕಿಯರು ಇಂಜೆಕ್ಷನ್ನಿಗೆ ಬಂದಾಗ ಅವರ ಜಪಮಣಿ ನೋಡಿದರೂ ಗೌರವ ಬರುತ್ತದೆ. ಹೆಮ್ಮೆ ಪಡುವ ಸಂಗತಿಗೆ ಬರವಿಲ್ಲ. ಹಾಗಿರುವಾಗ ಇದೊಂದು ಬೇಕಿತ್ತೆ? ಹೊರಗಿನವರು ಬಂದರೆ ನಮ್ಮನ್ನು ಕಾಡುಜನ ಅಂತ ಮೂಗು ಮುರಿಯುತ್ತಾರೆ, ನಮ್ಮವರು ಬಂದರೆ ಕಣ್ಣು ಮುಚ್ಚಿ ಆಹಾ ಅನ್ನುತ್ತಾರೆ. ಇಬ್ಬರಿಗೂ ಆ ಕಲ್ಲಿನ ಹೆಂಗಸು ಬೇಡ. ಅವಳಿಗೆ ಮಕ್ಕಳಿದ್ದವೋ, ಅವಳನ್ನು ಯಾರಾದರೂ ಹಿಡಿದುಕೊಂಡಿದ್ದರೋ, ಓಡಲು ನೋಡಿದಳೋ, ಒಬ್ಬರೂ ಕೇಳಲಿಲ್ಲ. ವಿಡಿಯೊ ಎರಡೇ ದಿನಕ್ಕೆ ಬಂತು. ನನ್ನ ಮಾತು ಇರಲಿಲ್ಲ. ನಗುನಗುತ್ತಾ ಅನ್ನುವುದು ಇತ್ತು, ಹಿಂದೆ ಕೊಳಲು ಬೇರೆ. ನನ್ನ ಗಂಡ ಅದನ್ನು ನೆಂಟರಿಗೆಲ್ಲ ಕಳಿಸಿದರು. ಆ ದಿನ ನಾನು ಅವರಿಗೆ ಊಟಕ್ಕೆ ಬಡಿಸಲಿಲ್ಲ. ಅನ್ನ ಎಲ್ಲಿದೆಯೆಂದು ಮೊಬೈಲನ್ನೇ ಕೇಳಿ ಅಂದೆ.

ಆದರೆ ಒಂದು ಆಸೆ ಹುಟ್ಟಿತ್ತು ನನಗೆ. ಆ ಮನುಷ್ಯ ಏನೇ ಹೇಳಲಿ, ತೋಳಮ್ಮನ ಗಂಡ ಸತ್ತಿದ್ದ ಅನ್ನುವುದು ಊರಿಗೆಲ್ಲ ತಿಳಿಯಿತಲ್ಲ. ಅಷ್ಟು ಸಾಕು ಅಂದುಕೊಂಡು ಸೋದರತ್ತೆಯ ಮನೆಗೆ ಹೋದೆ. ಅಕ್ಕನೂ ಹಿಂದೆ ಬಂದಳು, ಅವರ ಮನೆಗೆ ಹಾಲು ಕೊಡುವುದಿತ್ತು. ಅತ್ತೆ, ಗಂಡ ಸತ್ತ ಹೆಂಗಸಿನ ಕಲ್ಲನ್ನು ಗಂಡ ಸತ್ತ ಹೆಂಗಸು ಮುಟ್ಟಬಾರದು ಅನ್ನುವುದಕ್ಕೆ ಅರ್ಥವಿದೆಯಾ, ಮಗಳ ಕೈಗೆ ತಾಯಿ ಬಳೆ ತೊಡಿಸಲಿ ಅಂತ ತಗ್ಗಿದ ದನಿಯಲ್ಲೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಮಗುವಿಗೆ ಬುದ್ಧಿ ಹೇಳುವಂತೆ ಹೇಳಿದರು.

"ಅವ್ಳು ಗಂಡನ ಜೊತೇಲೇ ಒಂಟೋದ್ಲು ಕಣವ್ವ. ನಿಮ್ಮಕ್ಕ ಉಳ್ಕಂಡ್ಲು. ಅಷ್ಟೇಯ."

ಹಾಲಿನ ಕ್ಯಾನು ಹಿಡಿದು ಅಕ್ಕ ಜಗುಲಿಯ ಮೇಲೆ ನಿಂತಿದ್ದಳು. ಉಳ್ಕಂಡ್ಲು ಅನ್ನುವುದನ್ನು ಕೇಳಿಸಿಕೊಂಡಳು. ಉಳಿದದ್ದೇ ತಪ್ಪು ಅಂತ, ಮಗಳನ್ನು ಸಾಕಿದ್ದು, ಗದ್ದೆ ಉಳಿಸಿಕೊಂಡದ್ದು, ಬೆಳಿಗ್ಗೆ ಎದ್ದು ಇವರ ಮನೆಗೆ ಹಾಲು ತಂದು ಹಾಕುತ್ತಿರುವುದು, ಎಲ್ಲವೂ ತಪ್ಪು ಅಂತ. ಮೈಯೆಲ್ಲ ಉರಿದುಹೋಯಿತು ನನಗೆ. ಬಾಯಿಗೆ ಬಂದದ್ದನ್ನು ಅನ್ನಲು ಹೊರಟವಳನ್ನು ಅಕ್ಕ ಕಣ್ಣಿನಲ್ಲೇ ತಡೆದಳು. ಹಾಲು ಅಳೆದು ಪಾತ್ರೆಗೆ ಹುಯ್ದಳು. ವಾಪಸು ಬರುವಾಗ ನಾಲೆಯ ಹತ್ತಿರ, ಆ ಪಾಲಾರಿನವಳಿಗೆ ನೀನು ನೀರು ಕೊಟ್ಟೆಯಾ ಅಂತ ಕೇಳಿದಳು. ತುಟಿ ಒದ್ದೆ ಮಾಡಿದೆ, ಮೈಮೇಲೆ ಹುಯ್ದೆವು, ಹುಯ್ದಾಗ ಅವಳು ಸ್ವಲ್ಪ ಸುಮ್ಮನಾಗುತ್ತಿದ್ದಳು ಅಂದೆ. ಅಕ್ಕ ಹೂಂ ಅಂದಳು.

ಚಪ್ಪರದ ದಿನ ಬೆಳಿಗ್ಗೆ ಹಿತ್ತಲಿಗೆ ಹೋದರೆ ತೋಳಮ್ಮನ ಮೇಲಿದ್ದ ಜಿಂಕ್ ಶೀಟು ಇರಲಿಲ್ಲ. ಚಪ್ಪರ ಹಾಕುವವರು ಒಲೆಯ ಮರೆಗೆ ತೆಗೆದುಕೊಂಡಿರಬೇಕು ಅಂದುಕೊಂಡೆ. ಬಿಸಿಲು ನೇರವಾಗಿ ಕಲ್ಲಿನ ಮೇಲೆ ಬಿದ್ದು ಜಿಡ್ಡು ಮಿರುಗುತ್ತಿತ್ತು. ಹೆಂಗಸರು ಸೇರಿದರು. ಹುಡುಗಿಗೆ ಅರಿಶಿನ ಹಚ್ಚಿ ಕರೆತಂದರು. ಬಳೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಂಡೆ, ಯಾಕೆಂದರೆ ಅಲ್ಲಿಗೆ ಹೋದ ಮೇಲೆ ಅಕ್ಕನನ್ನು ಕೂಗಿ ಅವಳ ಕೈಗೇ ಕೊಟ್ಟುಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಯಾರು ಅಡ್ಡ ಬಂದರೆ ಏನು ಹೇಳಬೇಕು ಅನ್ನುವುದನ್ನೂ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಆದರೆ ಅಕ್ಕ ಎಲ್ಲೂ ಕಾಣಲಿಲ್ಲ. ಹುಡುಗಿಯೂ ತಾಯಿಯನ್ನು ಹುಡುಕುತ್ತಿದ್ದಳು. ಹೊತ್ತಾಯಿತು, ಮುಟ್ಟಿಸು ಅಂತ ಸೋದರತ್ತೆ ಅವಸರ ಮಾಡಿದರು.

ಅಷ್ಟರಲ್ಲಿ ಬೋರ್‌ವೆಲ್ಲಿನ ಕಡೆಯಿಂದ ಅಕ್ಕ ಬಂದಳು, ಸೊಂಟದ ಮೇಲೆ ತುಂಬಿದ ಬಿಂದಿಗೆ. ಹಸುವಿಗೆ ನೀರು ಒಯ್ಯುತ್ತಿದ್ದಾಳೆ ಅಂತ ಎಲ್ಲರೂ ದಾರಿ ಬಿಟ್ಟರು. ಅವಳು ನೇರವಾಗಿ ಕಲ್ಲಿನ ಹತ್ತಿರ ಹೋಗಿ, ಬಿಂದಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಬಿಚ್ಚಿದ ಆ ಅಂಗೈಯ ಮೇಲೆ ಬಗ್ಗಿಸಿದಳು.

ನೀರು ಅಂಗೈ ತುಂಬಿ, ಬೆರಳ ಸಂದಿಯಿಂದ ಇಳಿದು, ಕೆತ್ತಿದ ಬಳೆಗಳ ಮೇಲೆ ಹರಿಯಿತು. ಕುಂಕುಮ ಕರಗಿ ಕೆಂಪಾಗಿ ಕೆಳಗೆ ಬಂತು. ಹೆಂಗಸರು ಹಿಂದೆ ಸರಿದರು. ಸೋದರತ್ತೆ ಎದ್ದು ನಿಂತು, ತೋಳಮ್ಮನಿಗೆ ನೀರು ಮುಟ್ಟಿಸಿದೆಯಲ್ಲೇ, ಮನೆ ಹಾಳು ಮಾಡಿದೆಯಲ್ಲೇ ಅಂತ ಎದೆ ಬಡಿದುಕೊಂಡರು. ಗಂಡಸರೂ ಚಪ್ಪರ ಬಿಟ್ಟು ಓಡಿಬಂದರು. ನನ್ನ ಗಂಡ ಅತ್ತಿಗೆ, ಅತ್ತಿಗೆ ಅಂತ ಕೂಗಿದರು.

ಅಕ್ಕ ಬಿಂದಿಗೆ ಖಾಲಿಯಾಗುವವರೆಗೂ ತಿರುಗಲಿಲ್ಲ. ಆಮೇಲೆ ಸೋದರತ್ತೆಯ ಕಡೆಗೆ ನೋಡಿ, ಹಾಲಿನ ಲೆಕ್ಕ ಹೇಳುವಷ್ಟು ಮೆಲ್ಲಗೆ ಹೇಳಿದಳು.

"ನೀರ್ ಮುಟ್ಟಿಸ್ಬ್ಯಾಡಿ ಅಂದೋರು ಬೆಂಕಿ ಇಟ್ಟೋರೇಯ ಇರ್ಬೇಕು ಕಣತ್ತೆ. ಉರೀತಾವ್ಳೆ ಅಂತ ಗೊತ್ತಿದ್ದೂ ಅವತ್ತು ಒಬ್ರೂ ಒಂದ್ ಚೊಂಬು ಉಯ್ನಿಲ್ಲ. ಕೈ ಚಾಚ್ಕಂಡೇ ನಿಂತವ್ಳೆ ನೋಡಿ."

ಇಷ್ಟು ವರ್ಷ ಆ ಅಂಗೈ ನಮ್ಮನ್ನು ಹರಸುತ್ತಿದೆ ಅಂದುಕೊಂಡು ನಾವೆಲ್ಲ ತಲೆ ಬಗ್ಗಿಸಿದ್ದೆವು. ಹುಡುಗಿ ಅಳುತ್ತಾ ಬಂದು ತಾಯಿಯ ಪಕ್ಕ ನಿಂತು, ಅರಿಶಿನ ಹಚ್ಚಿದ ಎರಡೂ ಕೈ ಅವಳ ಮುಂದೆ ಚಾಚಿದಳು.

ಅಕ್ಕ ಖಾಲಿ ಬಿಂದಿಗೆಯನ್ನು ನನ್ನ ಕಡೆಗೆ ಹಿಡಿದಳು.

"ಇನ್ನೊಂದ್ ಬಿಂದ್ಗೆ ತಕಂಬಾ" ಅಂದಳು.

ನಾನು ಬಳೆ ತಟ್ಟೆಯನ್ನು ಅವಳ ಕೈಗೆ ಕೊಟ್ಟು, ಬಿಂದಿಗೆ ತೆಗೆದುಕೊಂಡು ಬೋರ್‌ವೆಲ್ಲಿನ ಕಡೆ ಹೋದೆ.